ಐವತ್ತೊಂದು ವರ್ಷ, ಒಂದೇ ಸದನ

2023ರ ಡಿಸೆಂಬರ್ 26ರಂದು ಜರ್ಮನಿಯ ಸಂಪ್ರದಾಯವಾದಿ ಪಕ್ಷದ ಹಿರಿಯ ರಾಜಕಾರಣಿ ವೋಲ್ಫ್‌ಗಾಂಗ್ ಶಾಯ್ಬ್ಲೆ ತೀರಿಕೊಂಡಾಗ ನಾನು ಓದಿದ ಶ್ರದ್ಧಾಂಜಲಿ ಬರಹಗಳಲ್ಲಿ ಹೆಚ್ಚಿನವು ಒಂದೇ ಕೊರಗಿನಿಂದ ಶುರುವಾಗಿದ್ದವು: ಇವರು ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಆಗಬಹುದಿತ್ತು, ಆಗಲಿಲ್ಲ, ರಾಷ್ಟ್ರಾಧ್ಯಕ್ಷರಾಗಬಹುದಿತ್ತು, ಅದೂ ಕೈತಪ್ಪಿತು. ಗೃಹ ಸಚಿವ, ಪಕ್ಷಾಧ್ಯಕ್ಷ, ಹಣಕಾಸು ಸಚಿವ, ಸಭಾಧ್ಯಕ್ಷ ಎಂಬ ಹುದ್ದೆಗಳ ಪಟ್ಟಿ ಆಮೇಲೆ ಬರುತ್ತಿತ್ತು. 1972ರಿಂದ ಸಾಯುವ ದಿನದವರೆಗೆ, ಅಂದರೆ 51 ವರ್ಷ, ಅವರು ಎಡೆಬಿಡದೆ ಜರ್ಮನಿಯ ಕೇಂದ್ರ ಸಂಸತ್ತಾದ ಬುಂಡೆಸ್ಟಾಗ್‌ನ ಸದಸ್ಯರಾಗಿದ್ದರು, ಜರ್ಮನಿಯ ಸಂಸದೀಯ ಇತಿಹಾಸದಲ್ಲಿ ಇಷ್ಟು ದೀರ್ಘಕಾಲ ಸದನದಲ್ಲಿ ಕುಳಿತವರು ಮತ್ತೊಬ್ಬರಿಲ್ಲ ಎಂಬ ಸಂಗತಿ ಮಾತ್ರ ಒಂದು ದಾಖಲೆಯ ರೂಪದಲ್ಲಿ ಬರಹದ ಕೊನೆಗೆ ಸರಿದಿತ್ತು. ಅಂದಿನಿಂದ ಇದು ನನ್ನನ್ನು ಕಾಡುತ್ತಿದೆ. ಒಬ್ಬ ಜನಪ್ರತಿನಿಧಿಯ ಬದುಕನ್ನು ಅವನಿಗೆ ಸಿಗದ ಕುರ್ಚಿಯಿಂದ ಅಳೆಯುವ ಅಭ್ಯಾಸ ನಮಗೆ ಎಲ್ಲಿಂದ ಬಂತು, ಮತ್ತು ಅವನು ಬಿಡದೆ ಕುಳಿತ ಜಾಗದಿಂದಲೇ ಅಳೆದರೆ ಏನು ಕಾಣುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕೆಂದಿದ್ದೇನೆ.

ಶಾಯ್ಬ್ಲೆ ನನ್ನ ರಾಜಕೀಯ ಒಲವಿನವರಲ್ಲ. ಅವರ ಮಿತವ್ಯಯದ ನೀತಿಯನ್ನು ನಾನು ಆಗಲೂ ಒಪ್ಪಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ಆದರೂ ಅವರ ವೃತ್ತಿಜೀವನ ನನಗೆ ಮುಖ್ಯವೆನಿಸುವುದು ಅವರು ಕೊನೆಯವರೆಗೂ ಹಿಡಿದುಕೊಂಡಿದ್ದ ಒಂದು ನಂಬಿಕೆಯಿಂದಾಗಿ. 2017ರ ಅಕ್ಟೋಬರ್‌ನಲ್ಲಿ ಸಭಾಧ್ಯಕ್ಷರಾಗಿ ಆಯ್ಕೆಯಾದ ದಿನ ಮಾಡಿದ ಭಾಷಣದಲ್ಲಿ ಅವರು ಅದನ್ನು ಸ್ಪಷ್ಟವಾಗಿಯೇ ಹೇಳಿದರು: ಜನತೆಯನ್ನು ಯಾರೂ ಒಬ್ಬರೇ ಪ್ರತಿನಿಧಿಸಲಾರರು, ಜನರ ಇಚ್ಛೆ ಎಂಬುದು ಸಂಸತ್ತಿನ ನಿರ್ಧಾರಗಳಲ್ಲಿ ಮತ್ತು ಆ ನಿರ್ಧಾರಗಳ ಮೂಲಕವೇ ರೂಪುಗೊಳ್ಳುತ್ತದೆ. ಆ ದಿನ ಸದನಕ್ಕೆ ಮೊದಲ ಸಲ ಕಾಲಿಟ್ಟಿದ್ದ ತೀವ್ರ ಬಲಪಂಥದ ಎಎಫ್‌ಡಿ ಪಕ್ಷದವರು ತಾವೇ ನಿಜವಾದ ಜನತೆಯ ದನಿ ಎಂದು ಹೇಳಿಕೊಳ್ಳುತ್ತಿದ್ದುದರಿಂದ, ಮಾತು ಯಾರನ್ನು ಉದ್ದೇಶಿಸಿದ್ದು ಎಂಬುದು ಎಲ್ಲರಿಗೂ ತಿಳಿಯಿತು. ಆದರೆ ಅದು ಆ ಪಕ್ಷಕ್ಕಷ್ಟೇ ಹೇಳಿದ ಮಾತಾಗಿರಲಿಲ್ಲ. ಜನರ ಇಚ್ಛೆ ಎಲ್ಲೋ ಹೊರಗೆ ಸಿದ್ಧವಾಗಿ ಕುಳಿತಿರುವುದಿಲ್ಲ. ಭಿನ್ನಾಭಿಪ್ರಾಯ ಇರುವವರು ಒಂದು ಕೋಣೆಯಲ್ಲಿ ಕುಳಿತು ವಾದಿಸಿ, ಎಣಿಸಿ, ಸೋತವರೂ ಒಪ್ಪಿಕೊಳ್ಳುವ ಹೊತ್ತಿಗೆ ಅದು ಆಕಾರ ಪಡೆಯುತ್ತದೆ. ಈ ನಂಬಿಕೆಯನ್ನೇ ಅಳತೆಗೋಲಾಗಿ ಹಿಡಿದರೆ ಶಾಯ್ಬ್ಲೆಯವರ ಬದುಕಿನ ಅತ್ಯುತ್ತಮ ಗಳಿಗೆಯೂ ಅತ್ಯಂತ ಕೆಟ್ಟ ಗಳಿಗೆಯೂ ಒಂದೇ ಸದನದಲ್ಲಿ ಘಟಿಸಿದವು ಎಂಬುದು ಕಾಣುತ್ತದೆ.

ಕ್ಷೇತ್ರದ ಮಾತು

ನಾನು ಕೆಲವು ವರ್ಷ ಆಫೆನ್‌ಬುರ್ಗ್‌ಗೆ ಹತ್ತಿರದ ಒಂದು ಊರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಕಪ್ಪುಕಾಡಿನ ಬೆಟ್ಟಗಳು ಒಂದು ಕಡೆ, ರೈನ್ ನದಿ ಇನ್ನೊಂದು ಕಡೆ, ನದಿ ದಾಟಿದರೆ ಫ್ರಾನ್ಸಿನ ಸ್ಟ್ರಾಸ್‌ಬುರ್ಗ್. ಫ್ರೈಬುರ್ಗ್‌ನಲ್ಲಿ 1942ರಲ್ಲಿ ಹುಟ್ಟಿ, ಹೋರ್ನ್‌ಬೆರ್ಗ್ ಎಂಬ ಸಣ್ಣ ಊರಿನಲ್ಲಿ ಬೆಳೆದ ಶಾಯ್ಬ್ಲೆಗೆ ಇದೇ ನೆಲ. ಅವರ ತಂದೆಯೂ ರಾಜಕಾರಣದಲ್ಲಿದ್ದವರು, ತಮ್ಮ ಥಾಮಸ್ ರಾಜ್ಯದಲ್ಲಿ ಸಚಿವರಾದವರು. ಕಾನೂನು ಓದಿ, ಡಾಕ್ಟರೇಟ್ ಮುಗಿಸಿ, ತೆರಿಗೆ ಇಲಾಖೆಯಲ್ಲಿ ಕೆಲಕಾಲ ಕೆಲಸ ಮಾಡಿ, 30ನೇ ವಯಸ್ಸಿಗೆ ಆಫೆನ್‌ಬುರ್ಗ್ ಕ್ಷೇತ್ರದಿಂದ ಗೆದ್ದ ಅವರು ಆಮೇಲೆ ಬಂದ ಪ್ರತಿಯೊಂದು ಚುನಾವಣೆಯಲ್ಲೂ ಅಲ್ಲಿಂದಲೇ ಗೆದ್ದರು. ಒಟ್ಟು 14 ಸಲ.

ಜರ್ಮನಿಯಲ್ಲಿ ಪ್ರತಿ ಮತದಾರನಿಗೂ ಎರಡು ಮತಗಳಿರುತ್ತವೆ ಎಂಬುದು ಈ ಲೆಕ್ಕವನ್ನು ಅರ್ಥಮಾಡಿಕೊಳ್ಳಲು ಮುಖ್ಯ. ಮೊದಲ ಮತ ಕ್ಷೇತ್ರದ ಅಭ್ಯರ್ಥಿಗೆ, ಎರಡನೆಯದು ಪಕ್ಷದ ಪಟ್ಟಿಗೆ. ಸದನದಲ್ಲಿ ಪಕ್ಷಗಳ ಬಲಾಬಲ ನಿಶ್ಚಯವಾಗುವುದು ಎರಡನೆಯ ಮತದಿಂದ. ವ್ಯಕ್ತಿಯ ಮೇಲಿನ ವಿಶ್ವಾಸ ತೋರುವುದು ಮೊದಲನೆಯದರಿಂದ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದ ನನಗೆ ಎರಡೂ ಇರಲಿಲ್ಲವಾದ್ದರಿಂದ ಅಕ್ಕಪಕ್ಕದವರು ಹೇಗೆ ಹಾಕುತ್ತಾರೆಂದು ಕೇಳುವ ಕುತೂಹಲ ಜಾಸ್ತಿ. ನಮ್ಮ ಕೆಳಗಿನ ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದರು. ಇಡೀ ಜೀವನ ಕಾರ್ಮಿಕ ಸಂಘದಲ್ಲಿದ್ದವರು, ಪಟ್ಟಿಯ ಮತವನ್ನು ತಪ್ಪದೆ ಸೋಷಿಯಲ್ ಡೆಮಾಕ್ರಟರಿಗೆ ಹಾಕುವವರು. ಮೊದಲ ಮತ ಮಾತ್ರ ಶಾಯ್ಬ್ಲೆಗೆ. ಒಂದು ಸಂಜೆ ಹಿತ್ತಲಿನಲ್ಲಿ ಸೇಬು ಆಯುತ್ತಾ ನಾನು ಇದರ ಕಾರಣ ಕೇಳಿದಾಗ ಅವರು ಸಿದ್ಧಾಂತದ ಮಾತು ಆಡಲಿಲ್ಲ. ರೈಲು ಹಳಿಯ ಸದ್ದಿನ ವಿಚಾರವಾಗಿ ಊರಿನವರು ಹೋಗಿ ಕೂತರೆ ಆ ಮನುಷ್ಯ ಕೇಳಿಸಿಕೊಳ್ಳುತ್ತಾನೆ, ಆಗದ್ದನ್ನು ಆಗುವುದಿಲ್ಲ ಎಂದು ಮುಖಕ್ಕೇ ಹೇಳುತ್ತಾನೆ, ಅಷ್ಟು ಸಾಕು ಎಂದರು. ರೈನ್ ಕಣಿವೆಯ ರೈಲು ಮಾರ್ಗವನ್ನು ನಾಲ್ಕು ಹಳಿಗಳಿಗೆ ವಿಸ್ತರಿಸುವ ಯೋಜನೆ ಆ ಸೀಮೆಯಲ್ಲಿ ದಶಕಗಳ ವಿವಾದ. ಸರಕು ರೈಲುಗಳು ಆಫೆನ್‌ಬುರ್ಗ್ ಊರೊಳಗೆ ಹಾದುಹೋಗದಂತೆ ಸುರಂಗ ತೋಡಬೇಕೆಂಬ ಒತ್ತಾಯಕ್ಕೆ ಕೊನೆಗೆ ಮನ್ನಣೆ ಸಿಕ್ಕಿತು. ಬರ್ಲಿನ್ನಿನಲ್ಲಿ ಯೂರೋ ಉಳಿಸುವ ಮಾತಾಡುತ್ತಿದ್ದ ಮನುಷ್ಯನಿಗೆ ಊರಿನಲ್ಲಿ ಜನ ಹಾಕುತ್ತಿದ್ದ ಮತದ ಹಿಂದೆ ಇಂಥ ಲೆಕ್ಕಗಳೂ ಇದ್ದವು.

ಒಪ್ಪಂದ, ಗುಂಡು, ಮತ್ತು ಒಂದು ಗುರುವಾರ

1984ರಿಂದ 1989ರವರೆಗೆ ಹೆಲ್ಮುಟ್ ಕೋಲ್ ಅವರ ಚಾನ್ಸಲರ್ ಕಚೇರಿಯ ಮುಖ್ಯಸ್ಥರಾಗಿ ಶಾಯ್ಬ್ಲೆ ಮಾಡಿದ ಕೆಲಸ ಬಹುತೇಕ ತೆರೆಮರೆಯದು, ಅದನ್ನು ಇಲ್ಲಿ ಬೆಳೆಸುವುದಿಲ್ಲ. 1990ರಲ್ಲಿ ಗೃಹ ಸಚಿವರಾಗಿ ಪೂರ್ವ ಜರ್ಮನಿಯ ಪ್ರತಿನಿಧಿ ಗ್ಯುಂಟರ್ ಕ್ರೌಸೆ ಜೊತೆ ಏಕೀಕರಣದ ಒಪ್ಪಂದವನ್ನು ಅವರು ರೂಪಿಸಿದರು. ಎರಡು ದೇಶಗಳ ಕಾನೂನು, ಆಸ್ತಿ, ನ್ಯಾಯಾಲಯ, ಪದವಿ ಪ್ರಮಾಣಪತ್ರ, ಪಿಂಚಣಿ ಎಲ್ಲವನ್ನೂ ಒಂದು ಮಾಡುವ, ಅನುಬಂಧಗಳೂ ಸೇರಿ ಸಾವಿರ ಪುಟಗಳಷ್ಟಾಗುವ ಆ ಒಪ್ಪಂದಕ್ಕೆ ಆಗಸ್ಟ್ 31ರಂದು ಪೂರ್ವ ಬರ್ಲಿನ್ನಿನಲ್ಲಿ ಸಹಿ ಬಿತ್ತು. ಅದರ ಎರಡನೆಯ ವಿಧಿ ಬರ್ಲಿನ್ ರಾಜಧಾನಿ ಎಂದು ಹೇಳಿ, ಸಂಸತ್ತು ಮತ್ತು ಸರ್ಕಾರ ಎಲ್ಲಿ ಕೂರಬೇಕೆಂಬುದನ್ನು ಏಕೀಕರಣದ ನಂತರ ತೀರ್ಮಾನಿಸಬೇಕೆಂದು ಬಿಟ್ಟುಕೊಟ್ಟಿತು. ಆಗ ಒಪ್ಪಂದ ಮುರಿಯದಿರಲೆಂದು ತೆರೆದೇ ಇಟ್ಟ ಆ ಪ್ರಶ್ನೆ ಮುಂದಿನ ವರ್ಷ ಸದನದ ಮುಂದೆ ಬರಬೇಕಾಯಿತು.

ಅದಕ್ಕೆ ಮುನ್ನ, ಏಕೀಕರಣದ ದಿನ ಕಳೆದು ಒಂಬತ್ತೇ ದಿನಕ್ಕೆ, ಅಕ್ಟೋಬರ್ 12ರಂದು, ತಮ್ಮದೇ ಕ್ಷೇತ್ರದ ಒಪ್ಪೆನೌ ಎಂಬ ಊರಿನ ಒಂದು ಗಾಸ್ಟ್‌ಹೌಸ್‌ನಲ್ಲಿ ಚುನಾವಣಾ ಸಭೆ ಮುಗಿಸಿ ಹೊರಡುತ್ತಿದ್ದ ಶಾಯ್ಬ್ಲೆಯವರ ಮೇಲೆ ಮಾನಸಿಕ ಅಸ್ವಸ್ಥನೊಬ್ಬ ಗುಂಡು ಹಾರಿಸಿದ. ಒಂದು ಗುಂಡು ದವಡೆಗೆ, ಇನ್ನೊಂದು ಬೆನ್ನುಹುರಿಗೆ ತಗುಲಿತು, ಅಂಗರಕ್ಷಕರೊಬ್ಬರೂ ಗಾಯಗೊಂಡರು. 48 ವರ್ಷದ ಶಾಯ್ಬ್ಲೆ ಅಲ್ಲಿಂದ ಮುಂದೆ ಗಾಲಿಕುರ್ಚಿಯಲ್ಲೇ ಬದುಕಿದರು. ಕೆಲವೇ ವಾರಗಳಲ್ಲಿ ಸಾರ್ವಜನಿಕವಾಗಿ ಕಾಣಿಸಿಕೊಂಡು, ಸಚಿವ ಸ್ಥಾನವನ್ನೂ ಬಿಡದೆ ಕೆಲಸಕ್ಕೆ ಮರಳಿದರು. ಈ ಘಟನೆಯನ್ನು ಛಲದ ಕಥೆಯಾಗಿ ಹೇಳುವವರು ಬಹಳ ಮಂದಿ. ಅವರ ಮರಳುವಿಕೆಯಲ್ಲಿ ಛಲ ಇದ್ದದ್ದು ನಿಜ, ಆದರೆ ಅದೊಂದನ್ನೇ ನೋಡಿದರೆ ಅವರು ಯಾವುದಕ್ಕೆ ಮರಳಿದರು ಎಂಬುದು ಮರೆಯಾಗುತ್ತದೆ.

1991ರ ಜೂನ್ 20, ಗುರುವಾರ. ಪಶ್ಚಿಮ ಜರ್ಮನಿಯ ರಾಜಧಾನಿಯಾಗಿದ್ದ ಬಾನ್ ನಗರದಲ್ಲಿ ಹೊಸ ಸಭಾಂಗಣ ಕಟ್ಟುವ ಕೆಲಸ ನಡೆಯುತ್ತಿದ್ದುದರಿಂದ ಬುಂಡೆಸ್ಟಾಗ್ ಆಗ ರೈನ್ ದಂಡೆಯ ಹಳೆಯ ನೀರು ಸರಬರಾಜು ಕಟ್ಟಡವೊಂದರಲ್ಲಿ, ಹತ್ತೊಂಬತ್ತನೇ ಶತಮಾನದ ಪಂಪ್‌ಹೌಸ್‌ನಲ್ಲಿ, ಸಭೆ ಸೇರುತ್ತಿತ್ತು. ಆ ಚರ್ಚೆಯ ಧ್ವನಿಚಿತ್ರ ಮುದ್ರಿಕೆಯನ್ನು ನಾನು ಆಗಾಗ ಹಾಕಿಕೊಂಡು ನೋಡುತ್ತೇನೆ. ಸದಸ್ಯರು ಒಬ್ಬರ ಪಕ್ಕ ಒಬ್ಬರು ಒತ್ತಿಕೊಂಡು ಕುಳಿತ ಇಕ್ಕಟ್ಟಾದ ಸಭಾಂಗಣ. ಸುಮಾರು 12 ಗಂಟೆಗಳ ಚರ್ಚೆ, ನೂರಕ್ಕೂ ಹೆಚ್ಚು ಮಂದಿ ಮಾತಾಡಿದ ದಿನ. ಸಂಸತ್ತು ಬಾನ್‌ನಲ್ಲೇ ಇರಬೇಕೇ, ಬರ್ಲಿನ್‌ಗೆ ಹೋಗಬೇಕೇ ಎಂಬ ಪ್ರಶ್ನೆಗೆ ಪಕ್ಷಗಳು ವಿಪ್ ಹೊರಡಿಸಿರಲಿಲ್ಲ. ಒಂದೇ ಸಂಪುಟದ, ಒಂದೇ ಪಕ್ಷದ ಕಾರ್ಮಿಕ ಸಚಿವ ನಾರ್ಬರ್ಟ್ ಬ್ಲ್ಯೂಮ್ ಬಾನ್ ಪರ ಮನಮುಟ್ಟುವಂತೆ ವಾದಿಸಿದರು; ಗೃಹ ಸಚಿವ ಶಾಯ್ಬ್ಲೆ ಬರ್ಲಿನ್ ಪರ ಎದ್ದರು ಎಂದು ಬರೆಯಹೊರಟರೆ ಆ ಕ್ರಿಯಾಪದ ಅವರಿಗೆ ಹೊಂದುವುದಿಲ್ಲ, ಗಾಲಿಕುರ್ಚಿಯಲ್ಲಿ ಮುಂದೆ ಬಂದು ಮೈಕಿನ ಮುಂದೆ ನಿಂತ ಕುರ್ಚಿಯಿಂದಲೇ ಮಾತಾಡಿದರು. ಗುಂಡು ತಗುಲಿ ಎಂಟು ತಿಂಗಳಷ್ಟೇ ಆಗಿತ್ತು.

ಅವರ ದನಿಯಲ್ಲಿ ಬಾಡೆನ್ ಸೀಮೆಯ ಒತ್ತು ಢಾಳಾಗಿ ಕೇಳಿಸುತ್ತದೆ. ಭಾಷಣ ಚಿಕ್ಕದು, ಅಲಂಕಾರವಿಲ್ಲದ್ದು. ಇದು ಎರಡು ಊರುಗಳ ಪೈಪೋಟಿಯಲ್ಲ, ಕೆಲಸ ಕಳೆದುಕೊಳ್ಳುವವರ ಮತ್ತು ಸಾಗಾಟದ ಖರ್ಚಿನ ಲೆಕ್ಕವಷ್ಟೇ ಅಲ್ಲ, ಇನ್ನೂ ಒಳಗಿನಿಂದ ಒಂದಾಗದ ದೇಶದ ಭವಿಷ್ಯದ ಮಾತು ಎಂಬುದು ಅದರ ಮೊದಲ ಹೆಜ್ಜೆ. ನಲವತ್ತು ವರ್ಷ ಬರ್ಲಿನ್ನಿನ ಹೆಸರಿನಲ್ಲಿ ಕೊಟ್ಟ ಮಾತನ್ನು ಸುಲಭವಾಗಿ ಉಳಿಸಿಕೊಳ್ಳಬಹುದಾದ ಹೊತ್ತಿನಲ್ಲಿ ಕೈಬಿಟ್ಟರೆ ನಮ್ಮ ಮಾತಿಗೆ ಏನು ಬೆಲೆ ಎಂಬುದು ಎರಡನೆಯದು. ಯೂರೋಪು ಎಂದರೆ ಪಶ್ಚಿಮ ಯೂರೋಪು ಮಾತ್ರವಲ್ಲ, ಬರ್ಲಿನ್ ಪರವಾದ ನಿರ್ಧಾರ ಯೂರೋಪಿನ ವಿಭಜನೆಯನ್ನು ಮೀರುವ ನಿರ್ಧಾರವೂ ಹೌದು ಎಂಬುದು ಕೊನೆಯದು. ಫ್ರಾನ್ಸಿನ ಗಡಿಗೆ ಅಂಟಿಕೊಂಡ ಕ್ಷೇತ್ರದವರೊಬ್ಬರು, ಬಾನ್ ತಮಗೆ ಹತ್ತಿರವೂ ಅನುಕೂಲವೂ ಆಗಿದ್ದ ಪಶ್ಚಿಮದವರೊಬ್ಬರು ಇದನ್ನು ಹೇಳಿದರು ಎಂಬುದಕ್ಕೆ ತೂಕವಿತ್ತು. ಭಾಷಣ ಮುಗಿದಾಗ ಎದುರು ಪಕ್ಷದ ಸಾಲಿನಿಂದ ವಿಲ್ಲಿ ಬ್ರಾಂಟ್ ಎದ್ದು ಬಂದು ಅವರ ಕೈ ಕುಲುಕುತ್ತಾರೆ. 1972ರಲ್ಲಿ ಶಾಯ್ಬ್ಲೆ ಮೊದಲ ಸಲ ಸದನಕ್ಕೆ ಬಂದಾಗ ಅವರ ಪಕ್ಷವನ್ನು ಸೋಲಿಸಿ ಚಾನ್ಸಲರ್ ಕುರ್ಚಿಯಲ್ಲಿ ಮುಂದುವರಿದಿದ್ದವರು ಇದೇ ಬ್ರಾಂಟ್. ಬರ್ಲಿನ್ ಗೋಡೆ ಎದ್ದ ದಿನಗಳಲ್ಲಿ ಆ ನಗರದ ಮೇಯರ್ ಆಗಿದ್ದವರು.

ಸಂಜೆ ಮತ ಎಣಿಸಿದಾಗ ಬರ್ಲಿನ್‌ಗೆ 338, ಬಾನ್‌ಗೆ 320. ಶಾಯ್ಬ್ಲೆಯವರ ಸ್ವಂತ ಪಕ್ಷಕೂಟದಲ್ಲೇ 164 ಮಂದಿ ಬಾನ್ ಪರ, 154 ಮಂದಿ ಬರ್ಲಿನ್ ಪರ ಇದ್ದರು. ಸೋಷಿಯಲ್ ಡೆಮಾಕ್ರಟರಲ್ಲೂ ಬಾನ್‌ಗೇ ಹೆಚ್ಚು ಮತ. ಎರಡೂ ದೊಡ್ಡ ಪಕ್ಷಗಳ ಒಳಗೆ ಬರ್ಲಿನ್ ಸೋತು, ಸಣ್ಣ ಪಕ್ಷಗಳ ಮತ ಸೇರಿ ಸದನ ಗೆದ್ದ ನಿರ್ಧಾರ ಅದು. ಆ ಭಾಷಣವೇ ಫಲಿತಾಂಶವನ್ನು ತಿರುಗಿಸಿತು ಎಂದು ಎಷ್ಟೋ ಕಡೆ ಬರೆದಿದ್ದಾರೆ. ಯಾವ ಸದಸ್ಯ ಯಾವ ಮಾತಿಗೆ ಮನಸ್ಸು ಬದಲಿಸಿದ ಎಂದು ಅಳೆಯುವ ಸಾಧನ ಯಾರ ಬಳಿಯೂ ಇಲ್ಲ. ಆದರೆ ಬೆಳಿಗ್ಗೆ ಬಾನ್ ಗೆಲ್ಲುತ್ತದೆಂದು ಬಹಳ ಮಂದಿ ನಂಬಿದ್ದ ದಿನ ಸಂಜೆಗೆ ಬೇರೆಯಾಗಿ ಮುಗಿಯಿತು, ನಡುವೆ ನಡೆದದ್ದು ಮಾತು ಮಾತ್ರ ಎಂಬುದಂತೂ ನಿಜ. ಸಂಸತ್ತಿನಲ್ಲಿ ಮಾತಾಡುವುದು ಈಗಾಗಲೇ ನಿಶ್ಚಯವಾದದ್ದನ್ನು ಹೊರಗಿನ ಕ್ಯಾಮೆರಾಗಳಿಗೆ ತೋರಿಸುವುದಕ್ಕಾಗಿ ಎಂದು ನಂಬಿ ಬೆಳೆದ ನನ್ನ ತಲೆಮಾರಿನವನಿಗೆ, ಕೇಳಿಸಿಕೊಳ್ಳುವುದಕ್ಕಾಗಿ ಕುಳಿತ ಆ ಮುಖಗಳನ್ನು ನೋಡುವುದೇ ಒಂದು ದೊಡ್ಡ ಪಾಠವಾಗಿತ್ತು.

ಒಂದು ಲಕ್ಷ ಮಾರ್ಕ್

ಅದೇ ಸದನದ ಮುಂದೆ ಅವರು ಸತ್ಯವನ್ನು ಮುಚ್ಚಿಟ್ಟರು. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಗೊತ್ತಿಲ್ಲ, ಹುಡುಕುವ ಇಷ್ಟವೂ ಇಲ್ಲ.

1998ರಲ್ಲಿ ಕೋಲ್ ಸೋತ ಮೇಲೆ ಶಾಯ್ಬ್ಲೆ ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್ ಪಕ್ಷದ ಅಧ್ಯಕ್ಷರಾದರು. ಹಿಂದಿನ ವರ್ಷವಷ್ಟೇ ಕೋಲ್ ಶಾಯ್ಬ್ಲೆಯವರನ್ನು ತಮ್ಮ ಉತ್ತರಾಧಿಕಾರಿ ಎಂದು ಬಹಿರಂಗವಾಗಿ ಹೆಸರಿಸಿ, ಚುನಾವಣೆಗೆ ಮಾತ್ರ ಮತ್ತೆ ತಾವೇ ನಿಂತಿದ್ದರು. 1999ರ ಕೊನೆಗೆ ಪಕ್ಷದ ಗುಪ್ತ ಖಾತೆಗಳ, ಲೆಕ್ಕಕ್ಕೆ ಸಿಗದ ದೇಣಿಗೆಗಳ ಹಗರಣ ಹೊರಬಿತ್ತು. ಡಿಸೆಂಬರ್ 2ರಂದು ಬುಂಡೆಸ್ಟಾಗ್‌ನಲ್ಲಿ ಶಸ್ತ್ರಾಸ್ತ್ರ ವ್ಯವಹಾರದ ದಲ್ಲಾಳಿ ಕಾರ್ಲ್‌ಹೈನ್ಸ್ ಶ್ರೈಬರ್ ಕುರಿತು ಮಾತು ಬಂದಾಗ, ಆತನನ್ನು 1994ರ ಒಂದು ಔತಣದಲ್ಲಿ ಭೇಟಿಯಾಗಿದ್ದೆ, ಅಷ್ಟೇ ಎಂದು ಶಾಯ್ಬ್ಲೆ ಹೇಳಿದರು. ಗ್ರೀನ್ ಪಕ್ಷದ ಹಾನ್ಸ್ ಕ್ರಿಸ್ಟಿಯಾನ್ ಸ್ಟ್ರ್ಯೋಬೆಲೆ ಕುಳಿತಲ್ಲಿಂದಲೇ, ಹಣದ ಸೂಟ್‌ಕೇಸ್ ಇತ್ತೋ ಇರಲಿಲ್ಲವೋ ಎಂದು ಕೂಗಿ ಕೇಳಿದರು. ಇರಲಿಲ್ಲ ಎಂಬ ಉತ್ತರ ಬಂತು. ಮುಂದಿನ ಜನವರಿಯಲ್ಲಿ, ಅದೇ ಶ್ರೈಬರ್‌ನಿಂದ ಒಂದು ಲಕ್ಷ ಮಾರ್ಕ್ ನಗದನ್ನು ಪಕ್ಷಕ್ಕಾಗಿ ಪಡೆದಿದ್ದೆ ಎಂದು ಅವರು ಒಪ್ಪಿಕೊಳ್ಳಬೇಕಾಯಿತು. ಆ ಹಣ ಪಕ್ಷದ ಖಜಾಂಚಿಯ ಕೈಗೆ ಹೇಗೆ ಹೋಯಿತು ಎಂಬ ಬಗ್ಗೆ ಅವರ ಹೇಳಿಕೆಯೂ ಖಜಾಂಚಿಯ ಹೇಳಿಕೆಯೂ ಒಂದಕ್ಕೊಂದು ತಾಳೆಯಾಗಲೇ ಇಲ್ಲ. ಫೆಬ್ರವರಿಯಲ್ಲಿ ಪಕ್ಷದ ಮತ್ತು ಸಂಸದೀಯ ಪಕ್ಷದ ನಾಯಕತ್ವ ಎರಡರಿಂದಲೂ ಹಿಂದೆ ಸರಿಯುವುದಾಗಿ ಪ್ರಕಟಿಸಿದರು. ಅವರೇ ಪ್ರಧಾನ ಕಾರ್ಯದರ್ಶಿಯಾಗಿ ತಂದಿದ್ದ ಆಂಗೆಲಾ ಮರ್ಕೆಲ್ ಏಪ್ರಿಲ್‌ನಲ್ಲಿ ಪಕ್ಷಾಧ್ಯಕ್ಷೆಯಾದರು.

ಹಣದ ಮೊತ್ತ ದೊಡ್ಡದಲ್ಲ, ಜೇಬಿಗೆ ಹಾಕಿಕೊಂಡದ್ದೂ ಅಲ್ಲ ಎಂದು ಅವರ ಪರ ವಾದಿಸುವವರಿದ್ದಾರೆ. ನನಗೆ ಮುಖ್ಯವೆನಿಸುವುದು ಆ ಉತ್ತರ ಎಲ್ಲಿ ಕೊಟ್ಟದ್ದು ಎಂಬುದು. ಸಂಸತ್ತಿನಲ್ಲಿ ಎದುರು ಸಾಲಿನವನು ಕೇಳಿದ ಪ್ರಶ್ನೆಗೆ ಸಿಗುವ ಉತ್ತರ ನಂಬಿಕೆಗೆ ಅರ್ಹವಲ್ಲದಿದ್ದರೆ, ವಾದದಿಂದ ಜನರ ಇಚ್ಛೆ ರೂಪುಗೊಳ್ಳುತ್ತದೆ ಎಂಬ ಮಾತೇ ಬುಡ ಕಳಚಿಕೊಳ್ಳುತ್ತದೆ. ಅವರು ಸದನದಲ್ಲಿ ಕ್ಷಮೆ ಕೇಳಿದರು. ಆಮೇಲೆಯೂ ಅದು ಅವರ ಹೆಸರಿನ ಜೊತೆಗೇ ಉಳಿಯಿತು, ಉಳಿಯಬೇಕಾದದ್ದೇ. 2004ರಲ್ಲಿ ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ಅವರ ಹೆಸರು ಕೇಳಿಬಂದು, ಮಿತ್ರಪಕ್ಷದ ಒಪ್ಪಿಗೆ ಸಿಗದೆ, ಮರ್ಕೆಲ್ ಬೇರೆಯವರನ್ನು ಮುಂದಿಟ್ಟರು.

ಇಲ್ಲಿ ಹೆಚ್ಚಿನ ನಾಯಕರ ಕಥೆ ಮುಗಿಯುತ್ತದೆ. ಆತ್ಮಕಥೆ ಬರುತ್ತದೆ, ಯಾವುದೋ ಕಂಪನಿಯ ಸಲಹಾ ಮಂಡಳಿಯ ಸ್ಥಾನ ಬರುತ್ತದೆ, ಇಲ್ಲವೇ ಹೊಸ ಪಕ್ಷ ಹುಟ್ಟುತ್ತದೆ. ಶಾಯ್ಬ್ಲೆ ಆಫೆನ್‌ಬುರ್ಗ್‌ನ ಸದಸ್ಯರಾಗಿ ಸದನದಲ್ಲೇ ಉಳಿದರು, ವಿದೇಶಾಂಗ ವಿಷಯಗಳ ಮೇಲೆ ಕೆಲಸ ಮಾಡಿದರು, 2005ರಲ್ಲಿ ತಮ್ಮ ಸ್ಥಾನಕ್ಕೆ ಬಂದ ಮರ್ಕೆಲ್ ಅವರ ಸಂಪುಟದಲ್ಲಿ ಮತ್ತೆ ಗೃಹ ಸಚಿವರಾದರು. ಆ ನಾಲ್ಕು ವರ್ಷಗಳಲ್ಲಿ ಭಯೋತ್ಪಾದನೆ ತಡೆಯುವ ಹೆಸರಿನಲ್ಲಿ ಅವರು ಬೆಂಬಲಿಸಿದ ದೂರವಾಣಿ ಮಾಹಿತಿ ಸಂಗ್ರಹದ ಕಾನೂನನ್ನು ಸಾಂವಿಧಾನಿಕ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿತು. ಅದೇ ಸಚಿವರು 2006ರಲ್ಲಿ ಮುಸ್ಲಿಂ ಸಮುದಾಯದ ಪ್ರತಿನಿಧಿಗಳನ್ನು ಸರ್ಕಾರದೊಂದಿಗೆ ಕೂರಿಸುವ ಇಸ್ಲಾಂ ಸಮ್ಮೇಳನವನ್ನು ಆರಂಭಿಸಿ, ಇಸ್ಲಾಂ ಜರ್ಮನಿಯ ಭಾಗ, ಯೂರೋಪಿನ ಭಾಗ ಎಂದು ಬುಂಡೆಸ್ಟಾಗ್‌ನಲ್ಲಿ ಹೇಳಿದರು. ಸಂಪ್ರದಾಯವಾದಿ ಪಕ್ಷದ ಗೃಹ ಸಚಿವರೊಬ್ಬರು ಅದನ್ನು ಆ ಕಾಲದಲ್ಲಿ ಹೇಳಿದ್ದು ನನ್ನಂತೆ ಹೊರಗಿನಿಂದ ಬಂದು ಇಲ್ಲಿ ಬದುಕುವವರಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ಅಥೆನ್ಸ್ ಮತ್ತು ಬರ್ಲಿನ್ ನಡುವೆ

ಹಣಕಾಸು ಸಚಿವರಾಗಿ 2009ರಿಂದ 2017ರವರೆಗಿನ ಎಂಟು ವರ್ಷಗಳೇ ಜಗತ್ತಿಗೆ ಅವರನ್ನು ಪರಿಚಯಿಸಿದ್ದು. ಸಾಲದ ಬಿಕ್ಕಟ್ಟಿನಲ್ಲಿ ನೆರವಿಗೆ ಪ್ರತಿಯಾಗಿ ಖರ್ಚು ಕಡಿತಕ್ಕೆ ಪಟ್ಟುಹಿಡಿದದ್ದರಿಂದ ಗ್ರೀಸಿನ ಗೋಡೆಗಳ ಮೇಲೆ ಅವರ ಚಿತ್ರ ಕ್ರೌರ್ಯದ ಸಂಕೇತವಾಗಿ ಬಂತು. ಜರ್ಮನಿಯ ಸಮೀಕ್ಷೆಗಳಲ್ಲಿ ಅವರು ಜನಪ್ರಿಯ ರಾಜಕಾರಣಿಗಳ ಸಾಲಿನಲ್ಲಿದ್ದರು. ಗ್ರೀಸಿನ ಆರ್ಥಿಕತೆ ಕಾಲು ಭಾಗದಷ್ಟು ಕುಗ್ಗಿತು, 2013ರಲ್ಲಿ ನಿರುದ್ಯೋಗ ಶೇ. 27 ದಾಟಿತು. 2015ರ ಫೆಬ್ರವರಿಯಲ್ಲಿ ಬರ್ಲಿನ್ನಿನ ಪತ್ರಿಕಾಗೋಷ್ಠಿಯಲ್ಲಿ ಗ್ರೀಸಿನ ಹೊಸ ಹಣಕಾಸು ಸಚಿವ ಯಾನಿಸ್ ವರೂಫಾಕಿಸ್ ಪಕ್ಕದಲ್ಲಿ ಕುಳಿತು, ನಮ್ಮಲ್ಲಿ ಭಿನ್ನಾಭಿಪ್ರಾಯ ಇದೆ ಎಂಬುದರ ಬಗ್ಗೆ ಒಪ್ಪಿದ್ದೇವೆ ಎಂದು ಶಾಯ್ಬ್ಲೆ ಹೇಳಿದರು. ನನ್ನ ಪ್ರಕಾರ ಅದನ್ನೂ ನಾವು ಒಪ್ಪಿಲ್ಲ ಎಂದು ವರೂಫಾಕಿಸ್ ಉತ್ತರಿಸಿದರು. ಜುಲೈ 5ರ ಜನಮತಗಣನೆಯಲ್ಲಿ ಶೇ. 61ರಷ್ಟು ಗ್ರೀಕರು ಸಾಲದ ಷರತ್ತುಗಳನ್ನು ತಿರಸ್ಕರಿಸಿದರು. ವಾರ ಕಳೆಯುವಷ್ಟರಲ್ಲಿ ಗ್ರೀಸ್ ಐದು ವರ್ಷ ಯೂರೋದಿಂದ ಹೊರಗಿರಬಹುದೆಂಬ ಪ್ರಸ್ತಾಪ ಶಾಯ್ಬ್ಲೆಯವರ ಸಚಿವಾಲಯದಿಂದ ಹೊರಟಿತ್ತು.

ಅವರ ನಂಬಿಕೆಯ ಅತ್ಯಂತ ಕಠಿಣ ಪರೀಕ್ಷೆ ಇದೇ ಎಂದು ನನಗೆ ಅನಿಸುತ್ತದೆ. ಜನರ ಇಚ್ಛೆ ಸಂಸತ್ತಿನಲ್ಲಿ ರೂಪುಗೊಳ್ಳುತ್ತದೆ ಎಂದರೆ ಯಾವ ಸಂಸತ್ತು? 2011ರಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ, ಇಂಥ ನೆರವಿನ ಹೊಣೆಯನ್ನು ಸರ್ಕಾರ ಹೊರುವ ಮುನ್ನ ಬಜೆಟ್ ಮೇಲಿನ ಬುಂಡೆಸ್ಟಾಗ್‌ನ ಅಧಿಕಾರ ಉಳಿಯಬೇಕೆಂದು ಸ್ಪಷ್ಟಪಡಿಸಿತ್ತು. ಹಾಗಾಗಿ ಶಾಯ್ಬ್ಲೆ ಬ್ರಸೆಲ್ಸ್‌ನ ಮೇಜಿನ ಮುಂದೆ ಕುಳಿತಾಗ ಅವರ ಹಿಂದೆ ನಿಜವಾದ ಒಂದು ಸದನವಿತ್ತು. 2015ರ ಜುಲೈ 17ರಂದು ಗ್ರೀಸಿನ ನೆರವಿನ ಹೊಸ ಮಾತುಕತೆಗೆ ಒಪ್ಪಿಗೆ ಕೇಳಿದಾಗ 439 ಮಂದಿ ಪರ, 119 ಮಂದಿ ವಿರುದ್ಧ ಮತ ಹಾಕಿದರು, ವಿರೋಧಿಸಿದವರಲ್ಲಿ 60 ಮಂದಿ ಅವರದೇ ಪಕ್ಷಕೂಟದವರು. ಎದುರಿಗೆ ಕುಳಿತ ಗ್ರೀಕ್ ಸಚಿವರ ಹಿಂದೆಯೂ ಅಷ್ಟೇ ನಿಜವಾದ ಇನ್ನೊಂದು ಸದನ, ಇನ್ನೊಂದು ಚುನಾವಣೆ ಇತ್ತು. ಇಬ್ಬರೂ ಕುಳಿತಿದ್ದ ಯೂರೋ ವಲಯದ ಹಣಕಾಸು ಸಚಿವರ ಸಭೆಯಾದರೋ ಅನೌಪಚಾರಿಕ ಕೂಟ. ಅಲ್ಲಿ ಎರಡು ಇಚ್ಛೆಗಳನ್ನು ಕೂಡಿಸಿ ಮೂರನೆಯದನ್ನು ರೂಪಿಸಲು ಸದನವಿಲ್ಲ. ಇಂಥ ಕಡೆ ಸಾಲ ಕೊಟ್ಟವನ ಸಂಸತ್ತೇ ಗೆಲ್ಲುತ್ತದೆ. 1994ರಷ್ಟು ಹಿಂದೆಯೇ ತಮ್ಮ ಪಕ್ಷದ ಸಂಸದ ಕಾರ್ಲ್ ಲಾಮರ್ಸ್ ಜೊತೆ ಬರೆದ ಪ್ರಬಂಧದಲ್ಲಿ ಯೂರೋಪಿನ ಒಳಗೆ ಹೆಚ್ಚು ಬಿಗಿಯಾಗಿ ಒಂದಾದ ಒಂದು ತಿರುಳು ಬೇಕೆಂದು ವಾದಿಸಿದ್ದ ಶಾಯ್ಬ್ಲೆಗೆ ಈ ಕೊರತೆ ಗೊತ್ತಿರಲಿಲ್ಲ ಎಂದು ಹೇಳಲಾಗದು. ಗೊತ್ತಿದ್ದೂ, ಆ ಕೊರತೆಯ ಲಾಭ ತಮ್ಮ ದೇಶಕ್ಕೆ ಇರುವಾಗ ಅವರು ನಿಯಮದ ಮಾತನ್ನೇ ಆಡಿದರು. ಬರ್ಲಿನ್ ಪರ ಮಾತಾಡುವಾಗ ಲೆಕ್ಕಪತ್ರಕ್ಕಿಂತ ದೊಡ್ಡದೊಂದು ಇದೆ ಎಂದು ಸಹಸದಸ್ಯರಿಗೆ ನೆನಪಿಸಿದ್ದ ಮನುಷ್ಯನಿಂದ ಅಥೆನ್ಸ್ ವಿಚಾರದಲ್ಲೂ ಅಂಥ ಮಾತನ್ನು ನಿರೀಕ್ಷಿಸುವುದು ಅನ್ಯಾಯವಲ್ಲ.

ದೇಶದೊಳಗೆ ಅವರ ಹೆಮ್ಮೆ 2014ರ ಬಜೆಟ್. 1969ರ ನಂತರ ಮೊದಲ ಸಲ ಕೇಂದ್ರ ಸರ್ಕಾರ ಹೊಸ ಸಾಲವಿಲ್ಲದೆ ವರ್ಷ ಮುಗಿಸಿತು. 2017ರಲ್ಲಿ ಅವರು ಸಚಿವಾಲಯ ಬಿಡುವ ದಿನ ಸಾಲವಿಲ್ಲದ ಬಜೆಟ್ಟಿಗೆ ಜರ್ಮನ್ನರು ಹೇಳುವ ‘ಕಪ್ಪು ಸೊನ್ನೆ’ ಎಂಬ ಹೆಸರನ್ನು ನೆನಪಿಸುವಂತೆ ಸಿಬ್ಬಂದಿ ಕಪ್ಪು ಬಟ್ಟೆ ತೊಟ್ಟು ಅಂಗಳದಲ್ಲಿ ಸೊನ್ನೆಯ ಆಕಾರದಲ್ಲಿ ನಿಂತರು. ಮೇಲಿನಿಂದ ತೆಗೆದ ಆ ಚಿತ್ರ ಪ್ರಸಿದ್ಧ. ಸಾಲದ ಬಡ್ಡಿ ಸೊನ್ನೆಯ ಹತ್ತಿರವಿದ್ದ ವರ್ಷಗಳಲ್ಲಿ ಸೇತುವೆ, ರೈಲು, ಶಾಲೆಗಳಿಗೆ ಹಾಕಬೇಕಾದ ಹಣ ಹಾಕಲಿಲ್ಲ ಎಂಬ ಟೀಕೆ ಈಗ ಹಲವು ಪಕ್ಷಗಳಿಂದ ಕೇಳಿಬರುತ್ತದೆ. ಎ 45 ಹೆದ್ದಾರಿಯ ರಾಮೆಡೆ ಸೇತುವೆ 2021ರ ಡಿಸೆಂಬರ್‌ನಲ್ಲಿ ಮುಚ್ಚಿ, 2023ರಲ್ಲಿ ಸ್ಫೋಟಿಸಿ ಕೆಡವುವವರೆಗೆ ಹೋದದ್ದು ಅದರ ಕಣ್ಣಿಗೆ ಕಾಣುವ ರೂಪ. 2018ರಲ್ಲಿ ಪಕ್ಷದ ನಾಯಕತ್ವಕ್ಕೆ ಶಾಯ್ಬ್ಲೆ ಬಹಿರಂಗವಾಗಿ ಬೆಂಬಲಿಸಿದ್ದ ಫ್ರೀಡ್ರಿಕ್ ಮೆರ್ಟ್ಸ್ ಅವರೇ 2025ರ ಮಾರ್ಚ್‌ನಲ್ಲಿ ಸಾಲದ ಮಿತಿಯನ್ನು ಸಡಿಲಿಸಿ, 500 ಬಿಲಿಯನ್ ಯೂರೋಗಳ ಮೂಲಸೌಕರ್ಯ ನಿಧಿಗೆ ಸಂವಿಧಾನ ತಿದ್ದುಪಡಿ ತಂದರು. ಗುರು ಬದುಕಿದ್ದರೆ ಏನು ಹೇಳುತ್ತಿದ್ದರೋ ಎಂದು ಊಹಿಸುವುದು ನನಗೆ ಬೇಡ.

ಸಭಾಧ್ಯಕ್ಷ, ಮತ್ತೆ ಸದಸ್ಯ

2017ರಲ್ಲಿ 501 ಮತ ಪಡೆದು ಸಭಾಧ್ಯಕ್ಷರಾದ ಶಾಯ್ಬ್ಲೆ, ಗಲಾಟೆಯ ಸದನವನ್ನು ಗದರದೆ, ಮಣಿಯದೆ ನಡೆಸಿದ ರೀತಿಗೆ ಎದುರಾಳಿಗಳಿಂದಲೂ ಗೌರವ ಪಡೆದರು. ಅರ್ಧ ಶತಮಾನದ ಸದಸ್ಯತ್ವ ಅವರಿಗೆ ಕೊಟ್ಟಿದ್ದು ನಿರಾತಂಕ. ಈ ಬಿಕ್ಕಟ್ಟು ಹಿಂದೆಂದೂ ಕಾಣದ್ದು ಎಂದು ಯಾರಾದರೂ ಹೇಳಿದರೆ ಹಿಂದಿನದನ್ನು ಕಂಡ ಮನುಷ್ಯ ಕುರ್ಚಿಯಲ್ಲಿದ್ದರು. 2020ರ ಏಪ್ರಿಲ್‌ನಲ್ಲಿ, ಕೊರೋನಾ ನಿರ್ಬಂಧಗಳ ನಡುವೆ, ಜೀವರಕ್ಷಣೆಯ ಮುಂದೆ ಉಳಿದೆಲ್ಲವೂ ಹಿಂದೆ ಸರಿಯಬೇಕೆಂಬ ಮಾತು ಅಷ್ಟು ನಿರಪೇಕ್ಷವಾಗಿ ಸರಿಯಲ್ಲ, ಸಂವಿಧಾನದಲ್ಲಿ ನಿರಪೇಕ್ಷ ಮೌಲ್ಯವೊಂದಿದ್ದರೆ ಅದು ಮನುಷ್ಯನ ಘನತೆ ಎಂದು ಸಂದರ್ಶನವೊಂದರಲ್ಲಿ ಹೇಳಿದರು. ಆಗ 77 ವರ್ಷದವರಾಗಿದ್ದ, ಗಾಲಿಕುರ್ಚಿಯಲ್ಲಿದ್ದ, ಸೋಂಕಿನ ಅಪಾಯ ತಮಗೇ ಹೆಚ್ಚಿದ್ದ ಮನುಷ್ಯ ಅದನ್ನು ಹೇಳಿದ್ದರಿಂದ ಜನ ನಿಂತು ಕೇಳಿದರು.

ಅವರ ಕೈಯಲ್ಲಿ ಆಗದೇ ಹೋದ ಮುಖ್ಯ ಕೆಲಸ ಚುನಾವಣಾ ಕಾನೂನಿನ ಸುಧಾರಣೆ. ಕ್ಷೇತ್ರಗಳಲ್ಲಿ ಹೆಚ್ಚು ಗೆದ್ದ ಪಕ್ಷಕ್ಕೆ ಹೆಚ್ಚುವರಿ ಸ್ಥಾನ, ಅದನ್ನು ಸರಿದೂಗಿಸಲು ಉಳಿದವರಿಗೂ ಹೆಚ್ಚುವರಿ ಸ್ಥಾನ ಎಂಬ ನಿಯಮದಿಂದ ಸದನ ಉಬ್ಬುತ್ತಲೇ ಹೋಗಿ 2017ರಲ್ಲಿ 709, 2021ರಲ್ಲಿ 736 ಸದಸ್ಯರಾದರು. ಕ್ಷೇತ್ರಗಳ ಸಂಖ್ಯೆ ತಗ್ಗಿಸುವ ರಾಜಿಗೆ ಅವರು ಪಕ್ಷಗಳನ್ನು ಕೂರಿಸಿ ಪ್ರಯತ್ನಿಸಿದರು, ಒಮ್ಮತ ಬರಲಿಲ್ಲ. 2021ರಲ್ಲಿ ಅವರ ಪಕ್ಷ ಅಧಿಕಾರ ಕಳೆದುಕೊಂಡಿತು, ಸಭಾಧ್ಯಕ್ಷ ಸ್ಥಾನ ಬೇರ್ಬೆಲ್ ಬಾಸ್ ಅವರಿಗೆ ಹೋಯಿತು. ಅತಿ ಹೆಚ್ಚು ಕಾಲ ಸದಸ್ಯರಾಗಿದ್ದವರೆಂಬ ಕಾರಣಕ್ಕೆ ಮೊದಲ ದಿನದ ಸಭೆಯನ್ನು ಉದ್ಘಾಟಿಸಿ, ಕುರ್ಚಿ ಬಿಟ್ಟುಕೊಟ್ಟು, 79ನೇ ವಯಸ್ಸಿನಲ್ಲಿ ಶಾಯ್ಬ್ಲೆ ವಿರೋಧ ಪಕ್ಷದ ಸಾಮಾನ್ಯ ಸದಸ್ಯರಾಗಿ ಮುಂದುವರಿದರು. 1972ರಲ್ಲಿ ಬಂದದ್ದೂ ವಿರೋಧ ಪಕ್ಷಕ್ಕೇ.

ಜರ್ಮನಿಯಲ್ಲಿ ಸದಸ್ಯರು ತೀರಿಕೊಂಡರೆ ನಮ್ಮಲ್ಲಿಯಂತೆ ಉಪಚುನಾವಣೆ ನಡೆಯುವುದಿಲ್ಲ. ಪಕ್ಷದ ರಾಜ್ಯ ಪಟ್ಟಿಯಲ್ಲಿ ಮುಂದಿದ್ದವರು ಆ ಸ್ಥಾನಕ್ಕೆ ಬಂದರು. ಆಫೆನ್‌ಬುರ್ಗ್‌ಗೆ ಮುಂದಿನ ಚುನಾವಣೆಯವರೆಗೆ ನೇರವಾಗಿ ಆರಿಸಿ ಕಳಿಸಿದ ಸದಸ್ಯರಿರಲಿಲ್ಲ. ಅಷ್ಟರಲ್ಲಿ, ಶಾಯ್ಬ್ಲೆ ಒಮ್ಮತದಿಂದ ಮಾಡಲಾಗದ ಸುಧಾರಣೆಯನ್ನು ಆಗಿನ ಆಡಳಿತ ಪಕ್ಷಗಳು ತಮ್ಮ ಬಹುಮತದಿಂದಲೇ 2023ರಲ್ಲಿ ಕಾನೂನಾಗಿಸಿದ್ದವು, ಅವರ ಪಕ್ಷ ಅದನ್ನು ವಿರೋಧಿಸಿತ್ತು. ಸದನಕ್ಕೆ 630ರ ಮಿತಿ ಬಂತು. ಅದಕ್ಕೆ ತೆತ್ತ ಬೆಲೆ ಎಂದರೆ, ಪಟ್ಟಿಯ ಮತದ ಪಾಲಿಗಿಂತ ಹೆಚ್ಚು ಕ್ಷೇತ್ರಗಳನ್ನು ಒಂದು ಪಕ್ಷ ಗೆದ್ದರೆ, ಕಡಿಮೆ ಶೇಕಡಾವಾರು ಮತದಿಂದ ಗೆದ್ದವರಿಗೆ ಸ್ಥಾನವೇ ಸಿಗುವುದಿಲ್ಲ. 2025ರ ಫೆಬ್ರವರಿಯ ಚುನಾವಣೆಯಲ್ಲಿ ಹೀಗೆ ಕ್ಷೇತ್ರ ಗೆದ್ದೂ ಸದನದ ಹೊರಗುಳಿದವರು 23 ಮಂದಿ, ಅವರಲ್ಲಿ 15 ಮಂದಿ ಶಾಯ್ಬ್ಲೆಯವರ ಪಕ್ಷದವರು. ಸದನ ಚಿಕ್ಕದಾಗಬೇಕಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಪಟ್ಟಿಯಲ್ಲಿ ಬೇರೆ ಪಕ್ಷಕ್ಕೆ ಹಾಕಿ, ಮೊದಲ ಮತವನ್ನು ಮನುಷ್ಯನ ಮುಖ ನೋಡಿ ಹಾಕುವ ಮತದಾರನ ಆ ಮತಕ್ಕೆ ಇನ್ನು ಮುಂದೆ ಖಾತರಿಯಿಲ್ಲ. 1972ರಲ್ಲಿ ಶಾಯ್ಬ್ಲೆಯವರನ್ನು ಸದನಕ್ಕೆ ಕಳಿಸಿದ್ದು ಆ ಮೊದಲ ಮತ. ಅದರ ಬಲವನ್ನು ಹೀಗೆ ಕುಗ್ಗಿಸುವ ಬದಲು ಅವರು ಹೇಳಿದಂತೆ ಕ್ಷೇತ್ರಗಳನ್ನೇ ಕಡಿಮೆ ಮಾಡಿ, ಗೆದ್ದವರೆಲ್ಲರಿಗೂ ಸ್ಥಾನ ಕೊಡುವ ರಾಜಿಗೆ ಪಕ್ಷಗಳು 2019ರಲ್ಲೇ ಒಪ್ಪಬೇಕಿತ್ತು ಎಂದು ನಾನು ಭಾವಿಸುತ್ತೇನೆ, ಹಾಗೆ ಒಪ್ಪದಂತೆ ತಡೆದವರಲ್ಲಿ ಅವರದೇ ಪಕ್ಷಕೂಟದವರೂ ಇದ್ದರು.